ಬಿಳಿ ಹಲ್ಲಿಗೆ ಮಾಡಿದ ಬ್ರಷ್

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಎರಡು ಬಗೆಯ ಬ್ರಷ್‌ಗಳೂ ಹಲ್ಲನ್ನು ಚೆನ್ನಾಗಿಯೇ ಉಜ್ಜುತ್ತಿದ್ದವು. ತಿರುಗುವುದು ಒಳ್ಳೆಯದೋ ನಡುಗುವುದು ಒಳ್ಳೆಯದೋ ಎಂದು ಜನ ನನ್ನನ್ನು ಈಗಲೂ ಬಸ್ಸಿನಲ್ಲಿ, ಮದುವೆಯೂಟದ ಪಂಕ್ತಿಯಲ್ಲಿ ಕೇಳುತ್ತಾರೆ. ಎರಡು ನಿಮಿಷ ಮನಸ್ಸಿಟ್ಟು ಉಜ್ಜಿದರೆ ಎರಡೂ ಒಂದೇ ಎಂದು ಹೇಳಿ ಸುಮ್ಮನಾಗುತ್ತೇನೆ. ಉಜ್ಜಿದ ಮೇಲೆ ಅವು ನಿಮ್ಮ ಬಗ್ಗೆ ಮೇಲಿನವರಿಗೆ ಏನು ಹೇಳುತ್ತವೆ ಎನ್ನುವುದರಲ್ಲಿ ಮಾತ್ರ ವ್ಯತ್ಯಾಸವಿತ್ತು. ಅದನ್ನು ನೆನೆಸಿಕೊಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಹಾಗಾಗಿ ತಣ್ಣಗೆ ಕೂತು ಹೇಳುತ್ತೇನೆಂದು ಮಾತು ಕೊಡಲಾರೆ.

ನನ್ನ ಹೆಸರು ಸಣ್ಣೀರಮ್ಮ. ತುಮಕೂರಿನ ಹೊರಗಿನ ಕೈಗಾರಿಕಾ ಪ್ರದೇಶದಲ್ಲಿರುವ ಒಂದು ಪರೀಕ್ಷಾಲಯದಲ್ಲಿ ಇಪ್ಪತ್ತೆರಡು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಪ್ಲಾಸ್ಟರಿನ ದವಡೆಗಳನ್ನು ಸಾಲಾಗಿ ಬಿಗಿದು, ಅವಕ್ಕೆ ಟೀ ಕರೆ ಹಚ್ಚಿ, ಕಬ್ಬಿಣದ ತೋಳಿಗೆ ಬ್ರಷ್ ಕಟ್ಟಿ, ಸಾವಿರ ಸಲ ಉಜ್ಜಿಸಿ, ಎಷ್ಟು ಕರೆ ಹೋಯಿತು, ಎಷ್ಟು ಹಲ್ಲು ಸವೆಯಿತು ಎಂದು ಅಳೆದು ಬರೆಯುವುದು ನನ್ನ ಕೆಲಸ.

ಆ ವರ್ಷ ಆರೋಗ್ಯ ಮುನ್ನೆಚ್ಚರಿಕೆ ಮಂಡಳಿಯವರಿಗೆ ಒಂದು ದೊಡ್ಡ ಯೋಚನೆ ಹೊಳೆಯಿತು. ಉಚಿತ ಚಿಕಿತ್ಸೆಯ ಕಾರ್ಡ್ ಇರುವ ಪ್ರತಿಯೊಬ್ಬರಿಗೂ ಒಂದೊಂದು ವಿದ್ಯುತ್ ಬ್ರಷ್ ಕೊಡುವುದು. ಅದು ದಿನಾ ಅವರ ಹಲ್ಲಿನ ಶುಚಿತ್ವಕ್ಕೆ ನೂರಕ್ಕೆ ಇಷ್ಟು ಎಂದು ಅಂಕ ಕೊಟ್ಟು ಮಂಡಳಿಗೆ ಕಳಿಸುತ್ತದೆ. ತಿಂಗಳ ಸರಾಸರಿ ನಲವತ್ತಕ್ಕಿಂತ ಕಡಿಮೆ ಬಂದವರ ಹೆಸರು 'ಸ್ವಯಂ ನಿರ್ಲಕ್ಷ್ಯ' ಎಂಬ ಪಟ್ಟಿಗೆ ಹೋಗುತ್ತದೆ. ಆ ಪಟ್ಟಿಯಲ್ಲಿದ್ದವರಿಗೆ ಆಪರೇಷನ್ನಿನ ದಿನ ಗೊತ್ತುಮಾಡುವುದಿಲ್ಲ. ಸ್ವಂತ ಹಲ್ಲು ಉಜ್ಜಿಕೊಳ್ಳದವನು ಆಪರೇಷನ್ ಆದ ಮೇಲೆ ಹೊಲಿಗೆ ನೋಡಿಕೊಳ್ಳುತ್ತಾನೆಯೇ ಎಂಬುದು ಅವರ ವಾದ. ಕೇಳಿದವರೆಲ್ಲ ತಲೆದೂಗಿದರು. ನಾನೂ ದೂಗಿದೆ, ಸುಳ್ಳು ಯಾಕೆ ಹೇಳಲಿ.

ಯಾವ ಬಗೆಯ ಬ್ರಷ್ ಕೊಡಬೇಕೆಂದು ಪರೀಕ್ಷಿಸಿ ಹೇಳುವ ಕೆಲಸ ನಮ್ಮಲ್ಲಿಗೆ ಬಂತು. ಮೊದಲನೆಯದು ತಿರುಗುವ ಬ್ರಷ್. ಅದರ ತಲೆ ಒಂದು ಗುಂಡಿಯಷ್ಟು ದುಂಡಗೆ, ನಿಮಿಷಕ್ಕೆ ಎಂಟು ಸಾವಿರ ಸಲ ಅತ್ತಿಂದಿತ್ತ ತಿರುಗುತ್ತದೆ. ಎಳೆಗಳ ನಡುವೆ ಸಾಸಿವೆಯಷ್ಟು ದೀಪ, ಪಕ್ಕದಲ್ಲಿ ಅಷ್ಟೇ ಚಿಕ್ಕ ಕಣ್ಣು. ಹಲ್ಲಿನ ಮೇಲೆ ಬೆಳಕು ಬಿಟ್ಟು ಬಣ್ಣ ನೋಡಿ ಅಂಕ ಹಾಕುತ್ತದೆ. ಎರಡನೆಯದು ನಡುಗುವ ಬ್ರಷ್. ತಲೆ ಉದ್ದ, ನಿಮಿಷಕ್ಕೆ ಮೂವತ್ತು ಸಾವಿರ ಸಲ ನಡುಗುತ್ತದೆ. ಅದಕ್ಕೆ ಕಣ್ಣಿಲ್ಲ, ಕಿವಿಯಿದೆ ಎನ್ನಬಹುದು. ಹಲ್ಲಿನ ಮೇಲೆ ಕೊಳೆ ಕಟ್ಟಿದ್ದರೆ ಅದು ಮೆತ್ತಗಿರುತ್ತದೆ, ನಡುಕವನ್ನು ನುಂಗುತ್ತದೆ. ಹಲ್ಲು ಚೊಕ್ಕಟವಾಗಿ ಗಟ್ಟಿಯಾಗಿದ್ದರೆ ನಡುಕ ಹಾಗೆಯೇ ವಾಪಸು ಬರುತ್ತದೆ. ಹಲ್ಲಿನ ಬಣ್ಣ ಯಾವುದಾದರೂ ಅದಕ್ಕೆ ಸಂಬಂಧವಿಲ್ಲ.

ನಮ್ಮ ಮುಖ್ಯಸ್ಥ ಡಾ. ನಿರಂಜನ್ ತಿರುಗುವುದನ್ನೇ ಆರಿಸಿದರು. ಅದು ಪ್ರತಿ ಹಲ್ಲಿನ ಚಿತ್ರ ತೆಗೆದು ಪರದೆಯ ಮೇಲೆ ತೋರಿಸುತ್ತಿತ್ತು. ನಡುಕದ ಗೆರೆಗಳನ್ನು ಯಾವ ಅಧಿಕಾರಿ ನೋಡುತ್ತಾನೆ, ಚಿತ್ರವಾದರೆ ಮಂತ್ರಿಗೂ ಅರ್ಥವಾಗುತ್ತದೆ ಎಂದರು. ಆರಿಸಲು ಬೇರೆ ಕಾರಣ ಏನಾದರೂ ಇತ್ತೇ ಎಂದು ನಾನು ಆಮೇಲೆ ಕಡತವನ್ನೆಲ್ಲ ಹುಡುಕಿದೆ. ಇರಲಿಲ್ಲ.

*

ಬ್ರಷ್ ಹಂಚಿ ಎರಡು ತಿಂಗಳಾದ ಮೇಲೆ ಊರಿನಿಂದ ಅತ್ತಿಗೆಯ ಫೋನ್ ಬಂತು. ನಮ್ಮೂರು ಪಾವಗಡದ ಕಡೆಯ ಬೋಡಗುಂಟೆ. ಅತ್ತಿಗೆ ತಿಪ್ಪಕ್ಕ, ನಮ್ಮಣ್ಣ ಓಬಳೇಶನ ಹೆಂಡತಿ. ಅಲ್ಲಿನ ಶಾಲೆಯಲ್ಲಿ ಹದಿನೇಳು ವರ್ಷದಿಂದ ಬಿಸಿಯೂಟ ಬೇಯಿಸುತ್ತಾಳೆ. ಅವಳ ಕುತ್ತಿಗೆ ಮೂರ್ನಾಲ್ಕು ವರ್ಷದಿಂದ ಮರಗಟ್ಟಿತ್ತು. ಯಾರಾದರೂ ಕರೆದರೆ ತಲೆ ತಿರುಗಿಸಲಾರದೆ ಇಡೀ ಮೈ ತಿರುಗಿಸಿ ನೋಡುತ್ತಿದ್ದಳು. ಆ ವರ್ಷ ಬೆರಳುಗಳು ಜೋಮು ಹಿಡಿಯತೊಡಗಿದ್ದವು. ಕೊಳವೆಬಾವಿ ನೀರಿನ ಫ್ಲೋರೈಡು ಮೂಳೆಗೆ ಇಳಿದು, ಕುತ್ತಿಗೆಯೊಳಗೆ ಮೂಳೆ ಬೆಳೆದು ನರವನ್ನು ಅಮುಕುತ್ತಿದೆ, ಆರು ತಿಂಗಳೊಳಗೆ ಆಪರೇಷನ್ ಆಗದಿದ್ದರೆ ಕೈಕಾಲು ಬಿದ್ದುಹೋಗುತ್ತವೆ ಎಂದು ಡಾಕ್ಟರು ಸ್ಪಷ್ಟವಾಗಿ ಹೇಳಿದ್ದರು. ಅದರ ದಿನಕ್ಕಾಗಿ ಎಲ್ಲರೂ ಕಾಯುತ್ತಿದ್ದೆವು.

"ಸಣ್ಣಿ, ನಾನು ಹಲ್ಲು ಸರ್ಯಾಗಿ ಉಜ್ಜಾಕಿಲ್ವಂತೆ ಕಣೆ" ಎಂದಳು. "ಮೂವತ್ತೊಂದು ಬಂದೈತೆ. ಅದ್ಕೆ ಆಪರೇಷನ್ ಇಲ್ವಂತೆ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ನಾಚಿಕೆಯಿತ್ತು. ನೂರೆಂಬತ್ತು ಮಕ್ಕಳಿಗೆ ಬಡಿಸುವ ಮೊದಲು ಮೂರು ಸಲ ಕೈ ತೊಳೆಯುವ ಹೆಂಗಸು ಅವಳು. ಏನಾಗಿದೆಯೆಂದು ನನಗೆ ಆ ಕ್ಷಣವೇ ಹೊಳೆಯಿತು. ನಮ್ಮ ಕಡೆಯವರ ಹಲ್ಲು ಬೆಳ್ಳಗಿರುವುದಿಲ್ಲ. ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರುವಾಗಲೇ ಕಂದು ಪಟ್ಟೆ, ಹಳದಿ ಚುಕ್ಕೆ ಇಟ್ಟುಕೊಂಡೇ ಬರುತ್ತವೆ. ಎಷ್ಟು ಉಜ್ಜಿದರೂ ಅದು ಹೋಗುವುದಿಲ್ಲ, ಯಾಕೆಂದರೆ ಅದು ಕೊಳೆಯಲ್ಲ, ಕುಡಿದ ನೀರು. ಶುದ್ಧ ನೀರಿನ ಘಟಕ ಬಂದದ್ದು ಮೊನ್ನೆ ಮೊನ್ನೆ. ಅಷ್ಟು ಹೊತ್ತಿಗೆ ನಮ್ಮೆಲ್ಲರ ಹಲ್ಲು ಮೂಡಿ, ಕೆಲವರದು ಬಿದ್ದೂ ಆಗಿತ್ತು.

ಅಂದರೆ ಹಲ್ಲು ಕೆಡಿಸಿದ್ದೂ ಅದೇ ನೀರು, ಕುತ್ತಿಗೆ ಕೆಡಿಸಿದ್ದೂ ಅದೇ ನೀರು. ಈಗ ಹಲ್ಲನ್ನು ತೋರಿಸಿ ಕುತ್ತಿಗೆಗೆ ಚಿಕಿತ್ಸೆ ಇಲ್ಲವೆನ್ನುತ್ತಿದ್ದರು.

*

ಭಾನುವಾರ ಊರಿಗೆ ಹೋದೆ. ಚೀಲದಲ್ಲಿ ಪರೀಕ್ಷಾಲಯದ ಒಂದು ನಡುಗುವ ಬ್ರಷ್ ಇತ್ತು. ಹೇಳದೆ ಕೇಳದೆ ತಂದಿದ್ದೆ.

ಬೆಳಗಿನ ಏಳು ಗಂಟೆ. ಬಸ್ಸಿಳಿದು ಬೀದಿಗೆ ಕಾಲಿಟ್ಟರೆ ಪ್ರತಿ ಜಗಲಿಯಿಂದಲೂ ಬ್ರಷ್ಷಿನ ಒಂದೇ ಹೆಣ್ಣುದನಿ, ಪಠ್ಯಪುಸ್ತಕದ ಕನ್ನಡದಲ್ಲಿ: "ದಯವಿಟ್ಟು ಇನ್ನೂ ಸ್ವಲ್ಪ ಉಜ್ಜಿರಿ. ದಯವಿಟ್ಟು ಇನ್ನೂ ಸ್ವಲ್ಪ ಉಜ್ಜಿರಿ." ಆ ದನಿಯ ಮಟ್ಟ ಸರಿಯಾಗಿದೆಯೇ ಎಂದು ಪರೀಕ್ಷಿಸಿದವಳೂ ನಾನೇ. ಜನ ಬಾಯ್ತುಂಬ ನೊರೆ ತುಂಬಿಕೊಂಡು, ಯಾವುದೋ ತಪ್ಪಿಗೆ ದಂಡ ತೆರುವವರಂತೆ ತಲೆ ತಗ್ಗಿಸಿ ಉಜ್ಜುತ್ತಿದ್ದರು. ಯಾರದ್ದೂ ಮೂವತ್ತೈದು ದಾಟಿರಲಿಲ್ಲ. ನಮಗೆ ಬರೋದೇ ಇಷ್ಟು ಎಂದು ಒಪ್ಪಿಕೊಂಡುಬಿಟ್ಟಿದ್ದರು.

ಅತ್ತಿಗೆ ಹಿತ್ತಲಿನ ಕಲ್ಲಿನ ಮೇಲೆ ಕೂತಿದ್ದಳು. ಮುಂದೆ ಒಂದು ತಟ್ಟೆಯಲ್ಲಿ ನುಣ್ಣಗೆ ಕುಟ್ಟಿದ ಇದ್ದಿಲು, ಅದಕ್ಕೆ ಬೆರೆಸಿದ ಉಪ್ಪು, ಇಟ್ಟಿಗೆಪುಡಿ. ಎಲೆಕ್ಟ್ರಿಕ್ ಬ್ರಷ್ಷನ್ನು ಅದರಲ್ಲಿ ಅದ್ದಿ ಹಲ್ಲಿಗಿಟ್ಟಳು. ಎಂಟು ಸಾವಿರ ಸುತ್ತು ತಿರುಗುವ ತಲೆಗೆ ಇಟ್ಟಿಗೆಪುಡಿ. ಸಾಣೆಕಲ್ಲಿಗೆ ಕತ್ತಿ ಕೊಟ್ಟ ಹಾಗೆ ಸದ್ದಾಯಿತು. ಉಗುಳಿದಾಗ ಕರಿಯ ನೊರೆಯಲ್ಲಿ ರಕ್ತದ ಎಳೆಯಿತ್ತು. ಬಾಯಿ ಮುಕ್ಕಳಿಸಿ, ಬ್ರಷ್ ತೊಳೆದು, ಬರೀ ನೀರಿನಲ್ಲಿ ಇನ್ನೊಮ್ಮೆ ಉಜ್ಜಿದಳು. ಇದು ಅಂಕಕ್ಕೆ ಎಂದು ನನಗೆ ವಿವರಿಸಿದಳು.

ಹಿಡಿಯ ಮೇಲೆ ಮೂವತ್ತೆರಡು ಎಂದು ಮೂಡಿತು.

"ನೋಡು, ಒಂದು ಏರ್ತು" ಎಂದು ನಕ್ಕಳು. "ಅಜ್ಜಿ ಕಾಲದಾಗೆ ಇದ್ರಲ್ಲೇ ಅಲ್ವೇನೆ ಉಜ್ಜತಾ ಇದ್ದದ್ದು? ಬ್ರಷ್ಷಿಗೆ ಹಾಕ್ಕಂಡ್ರೆ ಬೇಗ ಹೋಯ್ತದೆ."

ನಾಲ್ಕೈದು ಮನೆಯವರಿಗೆ ಆಗಲೇ ಇದು ಗೊತ್ತಾಗಿತ್ತು. ಲೆಕ್ಕಾಚಾರ ಸರಿಯಾಗಿಯೇ ಇತ್ತು, ಅದೇ ಭಯಂಕರ. ಹಲ್ಲಿನ ಮೇಲ್ಪದರ ಸವೆದು ಹೋದಂತೆ ಕಂದು ಪಟ್ಟೆಯೂ ಜೊತೆಗೆ ಹೋಗುತ್ತದೆ, ಕಣ್ಣಿಗೆ ಬಣ್ಣ ತಿಳಿಯಾಗಿ ಕಾಣುತ್ತದೆ, ಅಂಕ ಏರುತ್ತದೆ. ಹಲ್ಲನ್ನು ಹಾಳುಮಾಡಿಕೊಂಡವರಿಗೆ ಬ್ರಷ್ ಬಹುಮಾನ ಕೊಡುತ್ತಿತ್ತು.

ತಟ್ಟೆ ಕಿತ್ತುಕೊಂಡು ತಿಪ್ಪೆಗೆ ಸುರಿದೆ. ನಾನು ತಂದಿದ್ದ ನಡುಗುವ ಬ್ರಷ್ಷನ್ನು ಅವಳ ಬಾಯಿಗಿಟ್ಟು ಎರಡು ನಿಮಿಷ ಹಿಡಿದೆ. ಎಂಬತ್ತನಾಲ್ಕು ಬಂತು. ನಮ್ಮ ಪರೀಕ್ಷಾಲಯದ ಅರ್ಧ ಜನಕ್ಕೆ ಅಷ್ಟು ಬಂದಿರಲಿಲ್ಲ. ಹಲ್ಲು ಉಜ್ಜದವಳು ನೀನಲ್ಲ ಅತ್ತಿಗೆ, ನೋಡಲು ಬಾರದ್ದು ಆ ಬ್ರಷ್ಷಿಗೆ ಎಂದು ಹೇಳಿದೆ. ಇನ್ನು ಇಟ್ಟಿಗೆಪುಡಿ ಮುಟ್ಟಬೇಡ, ಇದನ್ನು ಸರಿಮಾಡಿಸಿಕೊಂಡು ಬರುತ್ತೇನೆ ಎಂದು ಕೈಮೇಲೆ ಕೈಯಿಟ್ಟು ಮಾತು ಕೊಟ್ಟೆ. ಅವಳು ಆಯ್ತು ಎಂದಳು.

*

ಡಾ. ನಿರಂಜನ್ ನನ್ನ ಮಾತನ್ನು ಕೊನೆಯವರೆಗೂ ಕೇಳಿದರು. ಕೇಳಿ, ನಿಮ್ಮ ಅತ್ತಿಗೆಗೆ ಒಂದು ನಡುಗುವ ಬ್ರಷ್ ಕೊಟ್ಟುಬಿಡೋಣ, ಕಾರ್ಡಿಗೆ ಜೋಡಿಸುವುದನ್ನು ನಾನು ನೋಡಿಕೊಳ್ಳುತ್ತೇನೆ ಎಂದರು. ಬೋಡಗುಂಟೆಯ ಉಳಿದವರ ಗತಿ ಏನು ಎಂದೆ. ಅದು ನೀತಿಯ ವಿಷಯ ಎಂದರು. ನೀತಿ ಎಂಬ ಮಾತನ್ನು ಜನ ಯಾವಾಗ ಬಳಸುತ್ತಾರೆಂದು ನನಗೆ ಇಪ್ಪತ್ತೆರಡು ವರ್ಷದಲ್ಲಿ ಗೊತ್ತಾಗಿದೆ. ಆಗುವುದಿಲ್ಲ ಸಾರ್, ದೂರು ಬರೆದು ಮಂಡಳಿಗೆ ಕಳಿಸುತ್ತೇನೆ ಎಂದೆ.

ಅವರು ಎದ್ದು ಬೀರುವಿನಿಂದ ಮೂಲ ಪರೀಕ್ಷೆಯ ಹಾಳೆ ತೆಗೆದು ನನ್ನ ಮುಂದಿಟ್ಟರು. ಇನ್ನೂರನಲವತ್ತು ಜನರ ಅಂಕಗಳು. ನಮ್ಮ ಸಿಬ್ಬಂದಿ, ಪಕ್ಕದ ಹಾಸ್ಟೆಲ್ಲಿನ ಹುಡುಗಿಯರು, ಕಾಲೊನಿಯವರು. ಅದರಲ್ಲಿ ಒಂದೇ ಒಂದು ಸಾಲಿನ ಮೇಲೆ ಕೆಂಪು ಗೆರೆ ಎಳೆದಿತ್ತು. ಮೂವತ್ಮೂರು ಅಂಕ. ಗೆರೆಯ ಪಕ್ಕದಲ್ಲಿ ನನ್ನ ಸಹಿ.

"ಇದನ್ನ ತೆಗೆದಿದ್ದು ನೀವೇ ಅಲ್ವಾ ಸಣ್ಣೀರಮ್ಮ?" ಎಂದರು, ಮೆತ್ತಗೆ.

ನಾನೇ. ಆ ಸಾಲು ನನ್ನದೇ ಬಾಯಿಯದು. ಎಲ್ಲರ ಅಂಕವೂ ಒಂದು ಕಡೆ ಗುಂಪಾಗಿ ಕೂತಿದ್ದಾಗ ನನ್ನದೊಂದು ಚುಕ್ಕೆ ಕೆಳಗೆ ಒಂಟಿಯಾಗಿ ಬಿದ್ದಿತ್ತು. ಗುಂಪಿಗೆ ಹೊಂದದ ಅಳತೆಯನ್ನು ಬಿಟ್ಟುಬಿಡುವುದು ನಮ್ಮಲ್ಲಿ ರೂಢಿ. ಆದರೆ ಬಿಡುವ ಮೊದಲು ಯಾಕೆ ಹೊಂದಲಿಲ್ಲ ಎಂದು ನೋಡಬೇಕು. ನಾನು ನೋಡಲಿಲ್ಲ. ನನ್ನ ಹಲ್ಲಿನ ಬಗ್ಗೆ ಹತ್ತು ಜನ ಕೂತು ಚರ್ಚೆ ಮಾಡುತ್ತಾರಲ್ಲ ಎಂಬ ಸಂಕೋಚಕ್ಕೆ ಆತುರಾತುರವಾಗಿ ಗೆರೆ ಎಳೆದು ಸಹಿ ಹಾಕಿದೆ. ಇಡೀ ಪರೀಕ್ಷೆಯಲ್ಲಿ ನಮ್ಮ ಸೀಮೆಯ ಬಾಯಿ ಇದ್ದದ್ದು ಅದೊಂದೇ. ಅದನ್ನು ಹೊಡೆದುಹಾಕಿದವಳು ಆ ಬಾಯಿಯವಳೇ. ನನ್ನ ಮೇಲೆ ನನಗೆ ಬಂದ ಸಿಟ್ಟಿನ ಮುಂದೆ ಉಳಿದವರ ಮೇಲಿನದು ಏನೂ ಅಲ್ಲ.

ದೂರು ಹೋದರೆ ಮೊದಲು ಪ್ರಶ್ನೆ ಬರುವುದು ನಿಮಗೆ ಎಂದರು ನಿರಂಜನ್. ಬರಲಿ ಎಂದು, ದೂರಿನ ಮೊದಲ ಸಾಲಿನಲ್ಲೇ ತಪ್ಪು ನನ್ನದು ಎಂದು ಬರೆದೆ. ನನ್ನನ್ನು ಮಾಪನದ ಕೆಲಸದಿಂದ ತೆಗೆದು ಉಗ್ರಾಣಕ್ಕೆ ಹಾಕಿದರು. ಮಂಡಳಿಯವರು ಮೂರು ಸಲ ಕರೆಸಿದರು. ಮೂರು ಸಲವೂ ಒಬ್ಬೊಬ್ಬರು ಹೊಸಬರು, ಮೂರು ಸಲವೂ ಫ್ಲೋರೈಡ್ ಎಂದರೆ ಏನೆಂದು ಮೊದಲಿನಿಂದ ಹೇಳಬೇಕಾಯಿತು. ಒಬ್ಬರಂತೂ ಪೇಸ್ಟಿನಲ್ಲೇ ಫ್ಲೋರೈಡ್ ಇರುತ್ತಲ್ಲ, ಹಲ್ಲಿಗೆ ಒಳ್ಳೆಯದಲ್ಲವೇ ಎಂದು ಕೇಳಿದರು. ಉಪ್ಪು ಸಾರಿಗೆ ಒಳ್ಳೆಯದು, ಸಮುದ್ರವನ್ನು ಕುಡಿಯುತ್ತೀರಾ ಎಂದೆ. ಅದನ್ನೂ ನಡಾವಳಿಯಲ್ಲಿ ಬರೆದುಕೊಂಡರಂತೆ.

ನಾಲ್ಕು ತಿಂಗಳಾದ ಮೇಲೆ ಆದೇಶ ಬಂತು. ನೀರಿನ ತೊಂದರೆಯಿರುವ ತಾಲ್ಲೂಕುಗಳಲ್ಲಿ ತಿರುಗುವ ಬ್ರಷ್ ವಾಪಸು ಪಡೆದು ನಡುಗುವ ಬ್ರಷ್ ಕೊಡುವುದು. ನಾನು ಉಗ್ರಾಣದಲ್ಲಿ ಒಬ್ಬಳೇ ಕೂತು ಅತ್ತೆ. ಗೆದ್ದೆ ಎಂದುಕೊಂಡೆ.

*

ಅಣ್ಣನ ಫೋನ್ ಬಂದದ್ದು ಅದಾಗಿ ಎರಡು ವಾರಕ್ಕೆ. ಅವನು ಹೇಳಿದ್ದನ್ನು ಅರ್ಥಮಾಡಿಕೊಳ್ಳಲು ನಾನು ಎರಡು ಸಲ ಕೇಳಬೇಕಾಯಿತು.

ಅತ್ತಿಗೆ ನನಗೆ ಕೊಟ್ಟ ಮಾತು ಉಳಿಸಿಕೊಂಡಿರಲಿಲ್ಲ. ಹೇಗೆ ಉಳಿಸಿಕೊಳ್ಳುತ್ತಾಳೆ? ನಾನು ಮಂಡಳಿಯ ಮೆಟ್ಟಿಲು ಹತ್ತಿ ಇಳಿಯುತ್ತಿದ್ದಾಗ ಅವಳ ಬೆರಳು ಒಂದೊಂದಾಗಿ ಸಾಯುತ್ತಿದ್ದವು. ಸೌಟು ಕೈಯಿಂದ ಜಾರಿ ಹುಳಿಯ ಹಂಡೆಗೆ ಬಿದ್ದ ದಿನ ಅವಳು ಮತ್ತೆ ಇದ್ದಿಲು ಕುಟ್ಟಿದ್ದಳು. ದಿನಕ್ಕೆ ಮೂರು ಸಲ ಉಜ್ಜಿ ಉಜ್ಜಿ ನಲವತ್ತೊಂದು ಮುಟ್ಟಿಸಿದ್ದಳು. ಪಟ್ಟಿಯಿಂದ ಹೆಸರು ಹೋಗಿತ್ತು, ಇಪ್ಪತ್ತೆರಡನೇ ತಾರೀಖಿಗೆ ಆಪರೇಷನ್ ಗೊತ್ತಾಗಿತ್ತು. ಆಪರೇಷನ್ ಮುಗಿದ ಮೇಲೆ ಸಣ್ಣಿಗೆ ಹೇಳೋಣ, ಈಗಲೇ ಹೇಳಿದರೆ ಬೈತಾಳೆ ಎಂದಿದ್ದಳಂತೆ. ಅಷ್ಟರಲ್ಲಿ ನಾನು ಹೋರಾಡಿ ತರಿಸಿದ ಹೊಸ ಬ್ರಷ್ ಮನೆಗೆ ಬಂತು.

ಹೊಸ ಬ್ರಷ್ ಅವಳಿಗೆ ಇಪ್ಪತ್ತೇಳು ಕೊಟ್ಟಿತು. ಬ್ರಷ್ ಬದಲಾದವರ ಹಳೆಯ ಸರಾಸರಿ ಅಳಿಸಿಹೋಗಿ, ಹೊಸದರ ಮೊದಲ ಅಂಕವೇ ಲೆಕ್ಕಕ್ಕೆ ಬರುತ್ತಿತ್ತು. ತಾರೀಖು ರದ್ದಾಯಿತೆಂದು ಮಾರನೆಯ ದಿನವೇ ಸಂದೇಶ ಬಂತು.

ನಾನು ಮೊದಲೇ ಹೇಳಿದೆನಲ್ಲ, ನಡುಗುವ ಬ್ರಷ್ ಗಟ್ಟಿಯಾದದ್ದನ್ನು ಶುಚಿ ಎನ್ನುತ್ತದೆ, ಮೆತ್ತಗಿನದನ್ನು ಕೊಳೆ ಎನ್ನುತ್ತದೆ. ಅವಳ ಹಲ್ಲಿನ ಗಟ್ಟಿ ಪದರವೆಲ್ಲ ಇಟ್ಟಿಗೆಪುಡಿಗೆ ಹೋಗಿತ್ತು. ಒಳಗಿನ ಮೆತ್ತನೆಯ ಪದರ ಉಳಿದಿತ್ತು. ನಡುಕ ಅದರಲ್ಲಿ ಮುಳುಗಿ ವಾಪಸು ಬರಲಿಲ್ಲ. ಕಣ್ಣಿನ ಬ್ರಷ್ ಅವಳನ್ನು ಕೊಳಕಿ ಎಂದಿತು. ಅದನ್ನು ಒಪ್ಪಿಸಲು ಅವಳು ಹಲ್ಲು ಸವೆಸಿಕೊಂಡರೆ, ಕಿವಿಯ ಬ್ರಷ್ಷೂ ಅವಳನ್ನು ಕೊಳಕಿ ಎಂದಿತು. ಯಾವ ಬಗೆಯ ಬ್ರಷ್ ಒಳ್ಳೆಯದು ಎಂದು ನಾಲ್ಕು ತಿಂಗಳು ಜಗಳವಾಡಿದೆನಲ್ಲ, ಹಲ್ಲಿಗೂ ಕುತ್ತಿಗೆಗೂ ಏನಯ್ಯಾ ಸಂಬಂಧ ಎಂದು ಒಂದು ಸಲವೂ ಕೇಳಲಿಲ್ಲ. ಅವರು ಎರಡು ಬ್ರಷ್ ಮುಂದಿಟ್ಟರು, ನಾನು ಎರಡರಲ್ಲೊಂದನ್ನು ಎತ್ತಿಕೊಂಡೆ.

ಇಪ್ಪತ್ತೆರಡನೇ ತಾರೀಖು ಬೆಳಿಗ್ಗೆ ಅವಳನ್ನು ಕರೆದುಕೊಂಡು ಆಸ್ಪತ್ರೆಗೆ ಹೋದೆ. ರದ್ದಾದರೆ ಆಗಲಿ, ಅಲ್ಲಿಗೆ ಹೋದ ಮೇಲೆ ನೋಡಿಕೊಳ್ಳೋಣ ಎಂದು ಅಣ್ಣನಿಗೂ ಬರಲು ಹೇಳಿದ್ದೆ. ಅವನು ಅವಳ ಗಾಲಿಕುರ್ಚಿ ತಳ್ಳಿಕೊಂಡು ಬಂದ. ದಾಖಲಾತಿ ಕೌಂಟರಿನ ಮುಂದೆ ಉದ್ದನೆಯ ಸಾಲು, ಎಲ್ಲರ ಕೈಯಲ್ಲೂ ಎಕ್ಸ್‌ರೇ ಲಕೋಟೆ ಮತ್ತು ಬ್ರಷ್. ಕೌಂಟರಿನ ಗುಮಾಸ್ತ ವಯಸ್ಸಿನಲ್ಲಿ ಚಿಕ್ಕವನು, ಒರಟನೇನಲ್ಲ. ಪರದೆ ನೋಡಿ, ಇಪ್ಪತ್ತೇಳು ಇದೆಯಲ್ಲಮ್ಮ ಎಂದ. ತಕರಾರಿದ್ದರೆ ಇಲ್ಲೇ ನನ್ನೆದುರಿಗೆ ಎರಡು ನಿಮಿಷ ಉಜ್ಜಿ ತೋರಿಸಬಹುದು, ಬಂದ ಅಂಕವನ್ನೇ ಹಾಕಿಕೊಳ್ಳುತ್ತೇನೆ, ನಲವತ್ತು ದಾಟಿದರೆ ಇವತ್ತಿನ ತಾರೀಖೇ ಉಳಿಯುತ್ತದೆ, ನಿಯಮದಲ್ಲಿ ಅವಕಾಶವಿದೆ ಎಂದ.

ಅತ್ತಿಗೆ ಕೈ ಚಾಚಿದಳು. ಬ್ರಷ್ಷನ್ನು ಅವಳ ಬೆರಳಿಗೆ ಕೊಟ್ಟೆ. ಬೆರಳು ಮಡಚಲಿಲ್ಲ. ಬ್ರಷ್ ಜಾರಿ ನೆಲಕ್ಕೆ ಬಿದ್ದು ನಡುಗುತ್ತಾ ಸುತ್ತತೊಡಗಿತು. ಸಾಲಿನಲ್ಲಿದ್ದವರೆಲ್ಲ ಅದನ್ನೇ ನೋಡಿದರು. ಅತ್ತಿಗೆ ತಲೆ ತಗ್ಗಿಸಲು ನೋಡಿದಳು, ಕುತ್ತಿಗೆ ಬಗ್ಗಲಿಲ್ಲ. ಹಾಗೇ ನೆಟ್ಟಗೆ ಕೂತು, ತೆರೆದ ಕಣ್ಣಲ್ಲೇ ಅತ್ತಳು.

ನಾನು ಬ್ರಷ್ ಎತ್ತಿಕೊಂಡೆ. ಪಕ್ಕದ ನಲ್ಲಿಯಲ್ಲಿ ತೊಳೆದೆ. ಬಾಯಿ ಅಗಲಿಸಿ, ಕಂದು ಹಲ್ಲನ್ನು ಆ ಗುಮಾಸ್ತನಿಗೂ ಸಾಲಿನವರಿಗೂ ಕಾಣುವ ಹಾಗೆ ಎರಡು ನಿಮಿಷ ಉಜ್ಜಿದೆ. ಉಗುಳಿ ಬಂದು ಹಿಡಿಯನ್ನು ಅವನ ಮುಂದಿಟ್ಟೆ. ಎಂಬತ್ತಾರು ಬಂದಿತ್ತು.

"ಬರ್ಕೊಳ್ಳಿ" ಎಂದೆ. "ತಿಪ್ಪಕ್ಕ, ಎಂಬತ್ತಾರು."

ಅವನು ತಬ್ಬಿಬ್ಬಾದ. "ಅಮ್ಮ, ಅದು ನಿಮ್ಮ ಹಲ್ಲಲ್ವಾ?"

"ಹಲ್ಲು ನಂದು. ಕುತ್ತಿಗೆ ನಮ್ಮತ್ತಿಗೇದು. ನೀವು ಆಪರೇಷನ್ ಮಾಡೋದು ಯಾವುದಕ್ಕೆ?"

ಅವನು ನನ್ನನ್ನು ನೋಡಿದ. ಗಾಲಿಕುರ್ಚಿಯಲ್ಲಿ ನೆಟ್ಟಗೆ ಕೂತವಳನ್ನು ನೋಡಿದ. ಆಮೇಲೆ ಮುಖವನ್ನು ಪರದೆಯ ಕಡೆಗೆ ತಿರುಗಿಸಿಕೊಂಡು ಎಂಬತ್ತಾರು ಎಂದು ಒತ್ತಿದ. ಬಲಗಡೆಯ ಮೂರನೇ ವಾರ್ಡು ಎಂದ. ಅಣ್ಣ ಕುರ್ಚಿ ತಳ್ಳಿಕೊಂಡು ಹೋದ.

ನಾನೂ ಹಿಂದೆಯೇ ಹೊರಟಿದ್ದೆ. ಸಾಲಿನಲ್ಲಿ ನಮ್ಮ ಹಿಂದೆಯೇ ಇದ್ದ ಮುದುಕರೊಬ್ಬರು ನನ್ನ ಸೆರಗು ಹಿಡಿದರು. ಮಧುಗಿರಿ ಕಡೆಯವರಂತೆ, ಮಂಡಿಯ ಆಪರೇಷನ್ನಿಗೆ ಬಂದವರು. ಎಡಗೈಯಲ್ಲಿ ಎಕ್ಸ್‌ರೇ, ಬಲಗೈಯಲ್ಲಿ ಬ್ರಷ್.

"ಅವ್ವಾ" ಎಂದರು, "ನಂದೂ ಒಂಚೂರು ಉಜ್ಜಿಕೊಡ್ತೀಯಾ?"

ಗುಮಾಸ್ತ ಪರದೆಯಿಂದ ಮುಖ ಎತ್ತಲಿಲ್ಲ. ನಾನು ಕೈ ಚಾಚಿ ಬ್ರಷ್ ತೆಗೆದುಕೊಂಡೆ. ಮಧ್ಯಾಹ್ನ ಕೌಂಟರು ಊಟಕ್ಕೆ ಮುಚ್ಚುವ ಹೊತ್ತಿಗೆ ಹನ್ನೊಂದು ಜನರ ಹಲ್ಲು ಉಜ್ಜಿದ್ದೆ, ಎಲ್ಲವನ್ನೂ ನನ್ನ ಬಾಯಲ್ಲೇ.